ಒಂದೇ ತಕ್ಕಡಿ: ಚಿಪ್ಪಗಿರಿಯ ಪವಾಡ, ನಮ್ಮ ಪವಾಡ



ಹೋದ ಕಾರ್ತಿಕದಲ್ಲಿ ನಮ್ಮ ಯುವಜನರ ಕೂಟಕ್ಕೆ ಡಿಗ್ರಿ ಓದುವ ಒಬ್ಬ ತಂಗಿ ಒಂದು ಪ್ರಶ್ನೆ ತಂದಳು. ಅವಳ ಹಾಸ್ಟೆಲಿನ ಗೆಳತಿ ಚಿಪ್ಪಗಿರಿಯವಳು. ವಿಜಯದಾಸರ ಆರಾಧನೆಗೆ ಊರಿಗೆ ಹೋಗಿ ಬಂದವಳು ಪ್ರಸಾದ ಕೊಟ್ಟು, ದಾಸರ ಮಹಿಮೆಗಳನ್ನು ಹೇಳಿದಳಂತೆ. ನಮ್ಮ ಹುಡುಗಿ ನಗುತ್ತಾ, "ಇವೆಲ್ಲ ನಿಜವಾಗಿ ನಡೆದದ್ದಾ?" ಅಂದಳಂತೆ. ಗೆಳತಿ ಸಿಟ್ಟಾಗಲಿಲ್ಲ. "ನಿಮ್ಮ ಯೇಸು ನೀರಿನ ಮೇಲೆ ನಡೆದದ್ದು, ಸತ್ತು ಮೂರನೇ ದಿನ ಎದ್ದದ್ದು ನಿಜ ಅಂತೀಯ. ಅದು ಎಲ್ಲೋ ದೂರದಲ್ಲಿ ಎರಡು ಸಾವಿರ ವರ್ಷದ ಹಿಂದೆ ನಡೆದದ್ದು. ನಮ್ಮದು ಇಲ್ಲೇ, ಮುನ್ನೂರು ವರ್ಷದೊಳಗೆ ನಡೆದದ್ದು. ನಿಮ್ಮದು ನಿಜ, ನಮ್ಮದು ಸುಳ್ಳು ಹೇಗಾಗುತ್ತೆ?" ಅಂತ ಕೇಳಿದಳಂತೆ.

ಕೂಟದಲ್ಲಿ ಇದಕ್ಕೆ ಥಟ್ಟನೆ ಉತ್ತರ ಕೊಟ್ಟವನು ನಾನೇ. "ನಮ್ಮದು ಇತಿಹಾಸ, ಅವರದು ಕಥೆ. ಅಷ್ಟೇ" ಎಂದೆ. ಎಲ್ಲರೂ ತಲೆ ಆಡಿಸಿದರು, ಆ ಹುಡುಗಿಯೊಬ್ಬಳನ್ನು ಬಿಟ್ಟು. "ಅಣ್ಣಾ, ಅದು ಇತಿಹಾಸ, ಇದು ಕಥೆ ಅಂತ ಗೊತ್ತು ಮಾಡುವುದು ಹೇಗೆ?" ಎಂದಳು. ನನ್ನಲ್ಲಿ ಉತ್ತರ ಇರಲಿಲ್ಲ. ಅಂದಿನಿಂದ ಓದಿದ್ದನ್ನೂ ಯೋಚಿಸಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಆ ತಂಗಿಗೆ ಮಾತ್ರವಲ್ಲ, ಅವಳ ಗೆಳತಿಯೂ ಓದಿದರೆ ನನಗೆ ನಾಚಿಕೆಯಾಗಬಾರದು ಎಂಬ ಎಚ್ಚರದಿಂದ ಬರೆದಿದ್ದೇನೆ.

ಚಿಪ್ಪಗಿರಿಯ ದಾಸರು

ಆಲೂರು ಮತ್ತು ಗುಂತಕಲ್ಲುಗಳ ನಡುವೆ ಇರುವ ಚಿಪ್ಪಗಿರಿ ಇಂದು ಆಂಧ್ರಪ್ರದೇಶದಲ್ಲಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ಆಲೂರು, ಆದವಾನಿ ತಾಲೂಕುಗಳು ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದವು. ಆದ್ದರಿಂದಲೇ ನಮ್ಮಲ್ಲಿ ಅನೇಕರ ಮನೆಮಾತು ಇನ್ನೂ ಕನ್ನಡ. ಹಿರಿಯರು 'ಆದೋನಿ' ಅನ್ನದೆ 'ಆದವಾನಿ' ಎನ್ನುವುದೂ ಅದಕ್ಕೇ.

ವಿಜಯದಾಸರು ಹುಟ್ಟಿದ್ದು 1682ರಲ್ಲಿ, ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ, ಬಡ ಮನೆಯಲ್ಲಿ. ಕಾಶಿಯಲ್ಲಿದ್ದಾಗ ಪುರಂದರದಾಸರು ಕನಸಿನಲ್ಲಿ ಬಂದು 'ವಿಜಯವಿಠಲ' ಎಂಬ ಅಂಕಿತ ಕೊಟ್ಟರು ಎಂಬುದು ಸಂಪ್ರದಾಯ. ನೂರಾರು ಸುಳಾದಿಗಳನ್ನು ರಚಿಸಿ, 1755ರಲ್ಲಿ ಚಿಪ್ಪಗಿರಿಯಲ್ಲಿ ದೇಹ ಬಿಟ್ಟರು. ಅಲ್ಲಿಯ ಅವರ ಕಟ್ಟೆಗೆ ಕಾರ್ತಿಕ ಶುದ್ಧ ದಶಮಿಯಂದು ಈಗಲೂ ಜನ ಸೇರುತ್ತಾರೆ.

ಅವರ ಬಗೆಗಿನ ಒಂದು ಕಥೆಯನ್ನು ನೀವೂ ಕೇಳಿರಬಹುದು. ಮಾನ್ವಿಯ ಶ್ರೀನಿವಾಸಾಚಾರ್ಯರೆಂಬ ದೊಡ್ಡ ಪಂಡಿತರನ್ನು ವಿಜಯದಾಸರು ಊಟಕ್ಕೆ ಕರೆದರು. ಕನ್ನಡದಲ್ಲಿ ಹಾಡಿಕೊಂಡು ತಿರುಗುವ ದಾಸರ ಮನೆಯ ಊಟ ಪಂಡಿತರಿಗೆ ಬೇಡವಾಯಿತು. ಹೊಟ್ಟೆನೋವೆಂದು ನೆಪ ಹೇಳಿದರು. ನೆಪ ನಿಜವಾಗಿ, ನೋವು ಪ್ರಾಣಕ್ಕೇ ಬಂತು. ಕೊನೆಗೆ ದಾಸರ ಬಳಿಗೇ ಬಂದಾಗ ಅವರು ತಮ್ಮ ಶಿಷ್ಯ ಗೋಪಾಲದಾಸರ ಹತ್ತಿರ ಕಳುಹಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಆ ರೋಗಿಗೆ ಧಾರೆಯೆರೆದರು. ಬದುಕಿದ ಪಂಡಿತರೇ ಮುಂದೆ 'ಹರಿಕಥಾಮೃತಸಾರ' ಬರೆದ ಜಗನ್ನಾಥದಾಸರು.

ಇದು ನಡೆದದ್ದೇ? ಸಂಶಯ ಪಡುವವನು ಹೀಗೆ ಹೇಳಬಹುದು: ಗುರುವಾದವರು ನಡುವಯಸ್ಸಿನಲ್ಲಿ ತೀರಿಕೊಂಡರು, ಶಿಷ್ಯರಾದವರು ಎಂಬತ್ತರವರೆಗೆ ಬದುಕಿದರು. ಈ ಎರಡು ಸಂಗತಿಗಳಿಗೆ ಭಕ್ತರ ಮನಸ್ಸು ಒಂದು ಕಾರಣ ಹುಡುಕಿತು, ಕಥೆ ಹುಟ್ಟಿತು. ಇರಬಹುದು. ಆದರೆ ಅದೇ ಮಾತನ್ನು ನಮ್ಮ ಬೈಬಲಿನ ಹಿಜ್ಕೀಯ ರಾಜನ ಬಗ್ಗೆಯೂ ಹೇಳಬಹುದು. ಸಾಯಬೇಕಾಗಿದ್ದ ಅವನ ಆಯುಷ್ಯಕ್ಕೆ ದೇವರು 15 ವರ್ಷ ಸೇರಿಸಿದರೆಂದು ಅರಸುಗಳ ಎರಡನೆಯ ಗ್ರಂಥದ 20ನೇ ಅಧ್ಯಾಯದಲ್ಲಿದೆ. ಮೊದಲನೆಯದನ್ನು ನಗೆಯಾಡಿ, ಎರಡನೆಯದನ್ನು ಕಣ್ಣುಮುಚ್ಚಿ ಒಪ್ಪಿದರೆ ನಮ್ಮ ಕೈಯಲ್ಲಿ ಎರಡು ತಕ್ಕಡಿಗಳಿವೆ ಎಂದೇ ಅರ್ಥ.

ಅದೇ ಕಾಲದ ಇನ್ನಿಬ್ಬರು

ವಿಜಯದಾಸರು ಚಿಪ್ಪಗಿರಿಯ ಸೀಮೆಯಲ್ಲಿ ಹಾಡುತ್ತಿದ್ದ ಕಾಲದಲ್ಲೇ, ಅವರ ಹೆಸರೂ ಕೇಳದ ಇಬ್ಬರು ಯುರೋಪಿನಲ್ಲಿ ಪವಾಡಗಳ ಬಗ್ಗೆ ಬರೆಯುತ್ತಿದ್ದರು. ಒಬ್ಬ ಸಂಶಯವಾದಿ, ಇನ್ನೊಬ್ಬರು ಪೋಪ್.

ಸಂಶಯವಾದಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್. ಪವಾಡಗಳ ಕುರಿತ ಅವನ ಪ್ರಬಂಧ ಅಚ್ಚಾದದ್ದು 1748ರಲ್ಲಿ. ಅವನ ವಾದದ ತಿರುಳು ಇಷ್ಟು. ನಾವು ಎಲ್ಲವನ್ನೂ ಕಣ್ಣಾರೆ ನೋಡುವುದಿಲ್ಲ, ಇನ್ನೊಬ್ಬರ ಸಾಕ್ಷಿಯನ್ನು ನಂಬುತ್ತೇವೆ. ಸಾಕ್ಷಿ ಹೇಳುವವನು ತಪ್ಪಬಹುದು, ಮೋಸಹೋಗಬಹುದು, ಸುಳ್ಳು ಹೇಳಬಹುದು. ಪ್ರಕೃತಿಯ ನಿಯಮ ತಪ್ಪುವುದನ್ನು ಮಾತ್ರ ನಾವು ಕಂಡಿಲ್ಲ. ಹಾಗಾಗಿ ಒಬ್ಬನು ಪವಾಡ ಕಂಡೆನೆಂದರೆ ತಕ್ಕಡಿಯಲ್ಲಿ ಎರಡನ್ನೂ ಇಟ್ಟು ನೋಡಬೇಕು: ಪವಾಡ ನಡೆಯುವುದು ಹೆಚ್ಚು ಅಸಂಭವವೋ, ಈ ಸಾಕ್ಷಿ ಸುಳ್ಳಾಗುವುದು ಹೆಚ್ಚು ಅಸಂಭವವೋ? ಸಾಮಾನ್ಯವಾಗಿ ಸಾಕ್ಷಿ ಸುಳ್ಳಾಗುವುದೇ ಸುಲಭ. ಇದಕ್ಕೆ ಅವನು ಇನ್ನೊಂದು ಮಾತು ಸೇರಿಸಿದ. ಒಂದೊಂದು ಧರ್ಮವೂ ತನ್ನ ಪವಾಡಗಳಿಂದ ತಾನೇ ಸತ್ಯವೆನ್ನುತ್ತದೆ. ಹಾಗಾದರೆ ಅವು ಒಂದನ್ನೊಂದು ಹೊಡೆದುಹಾಕುತ್ತವೆ. ಚಿಪ್ಪಗಿರಿಯ ಗೆಳತಿ ಕೇಳಿದ್ದು ಇದೇ ಪ್ರಶ್ನೆ. ಹ್ಯೂಮನನ್ನು ಓದದೆಯೇ ಕೇಳಿದಳು.

ಹ್ಯೂಮ್ ಕೊಟ್ಟ ಒಂದು ಉದಾಹರಣೆ ನಮ್ಮವರದೇ. ಪ್ಯಾರಿಸಿನಲ್ಲಿ ಫ್ರಾನ್ಸ್ವಾ ದ ಪಾರಿ ಎಂಬ ಭಕ್ತ ಧರ್ಮಸೇವಕರು 1727ರಲ್ಲಿ ತೀರಿಕೊಂಡರು. ಅವರ ಸಮಾಧಿಯ ಬಳಿ ರೋಗಿಗಳು ಗುಣವಾಗುತ್ತಿದ್ದಾರೆಂದು ಜನಜಾತ್ರೆ ಸೇರಿತು. ಓದುಬರಹ ಬಲ್ಲವರು, ಪ್ರತಿಷ್ಠಿತರು ಸಾಕ್ಷಿ ನುಡಿದರು. ಆದರೂ ಪ್ಯಾರಿಸಿನ ಮಹಾಧರ್ಮಾಧ್ಯಕ್ಷರು ಒಪ್ಪಲಿಲ್ಲ. 1732ರಲ್ಲಿ ರಾಜಾಜ್ಞೆಯಿಂದ ಆ ಸ್ಮಶಾನವನ್ನೇ ಮುಚ್ಚಿಸಲಾಯಿತು. ಅಂದರೆ ಪವಾಡದ ಸುದ್ದಿಯನ್ನು ಸಂಶಯಿಸುವುದು ನಾಸ್ತಿಕರ ಕೆಲಸ ಮಾತ್ರವಲ್ಲ. ಧರ್ಮಸಭೆಯೂ ತನ್ನದೇ ಮಕ್ಕಳ ಪವಾಡಗಳನ್ನು ಸಂಶಯಿಸಿದೆ.

ಆ ಸಂಶಯಕ್ಕೆ ನಿಯಮ ಬರೆದವರು ಪ್ರೋಸ್ಪೆರೋ ಲಾಂಬರ್ತೀನಿ. ಸಂತಪದವಿಯ ವಿಚಾರಣೆಗಳಲ್ಲಿ ಅವರು ಹಲವು ವರ್ಷ ವಿರೋಧವಾಗಿ ವಾದ ಮಾಡುವ ಹುದ್ದೆಯಲ್ಲಿದ್ದರು. ಜನ ಅದನ್ನು 'ಸೈತಾನನ ವಕೀಲ' ಎಂದು ಕರೆಯುತ್ತಿದ್ದರು. 1734ರಿಂದ 1738ರವರೆಗೆ ಅವರು ಪ್ರಕಟಿಸಿದ ದೊಡ್ಡ ಗ್ರಂಥದ ಪ್ರಕಾರ, ಗುಣವಾದದ್ದು ಪವಾಡವೆನ್ನಬೇಕಾದರೆ ಕಾಯಿಲೆ ಗಂಭೀರವಾಗಿರಬೇಕು, ತಾನಾಗಿ ವಾಸಿಯಾಗುವಂಥದ್ದಾಗಿರಬಾರದು, ಔಷಧದಿಂದ ಗುಣವಾಗಿರಬಾರದು, ಗುಣ ತಟ್ಟನೆ, ಪೂರ್ತಿಯಾಗಿ ಆಗಿರಬೇಕು, ಮರುಕಳಿಸಿರಬಾರದು. ಅವರೇ 1740ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಆದರು. ಲೂರ್ದಿನಲ್ಲಿ 1883ರಿಂದ ಇರುವ ವೈದ್ಯಕೀಯ ಕಚೇರಿ ಇಂದಿಗೂ ಈ ಅಳತೆಗಳನ್ನೇ ಬಳಸುತ್ತದೆ. ಅಲ್ಲಿ ದಾಖಲಾದ ಗುಣಗಳು ಸುಮಾರು 7,000. ಧರ್ಮಸಭೆ ಪವಾಡವೆಂದು ಒಪ್ಪಿದ್ದು 70ಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ನೂರಕ್ಕೆ ಒಂದು!

ಇಷ್ಟು ಕಟ್ಟುನಿಟ್ಟಿದ್ದರೂ ವಿವಾದ ತಪ್ಪುವುದಿಲ್ಲ. ಮದರ್ ತೆರೇಸಾ ಅವರನ್ನು 2003ರಲ್ಲಿ ಪುನೀತೆಯೆಂದು ಸಾರಲು ಆಧಾರವಾದದ್ದು ಪಶ್ಚಿಮ ಬಂಗಾಳದ ಒಬ್ಬ ಮಹಿಳೆ 1998ರಲ್ಲಿ ಗುಣವಾದ ಪ್ರಕರಣ. ಅವರು ಗುಣವಾದದ್ದು ಕ್ಷಯದ ಔಷಧದಿಂದ ಎಂದು ವೈದ್ಯರು ವಾದಿಸಿದರು. ತೆರೇಸಾ ಅವರನ್ನು ಕಟುವಾಗಿ ಟೀಕಿಸಿದ್ದ ಕ್ರಿಸ್ಟೋಫರ್ ಹಿಚೆನ್ಸ್ ಅವರನ್ನೂ ಧರ್ಮಸಭೆಯವರು ಕರೆದು ಹೇಳಿಕೆ ಪಡೆದರು. ವೈದ್ಯರ ಆಕ್ಷೇಪವನ್ನು ಮುಚ್ಚಿಟ್ಟು ನಾವು ಈ ಪವಾಡವನ್ನು ಧರ್ಮೋಪದೇಶದಲ್ಲಿ ಹೇಳಿಕೊಟ್ಟರೆ, ಮಕ್ಕಳು ನಾಳೆ ಫೋನಿನಲ್ಲಿ ಅದನ್ನು ಓದಿದಾಗ ನಮ್ಮ ಉಳಿದ ಮಾತುಗಳನ್ನೂ ನಂಬುವುದಿಲ್ಲ.

ಮನ್ರೋ ಸಾಹೇಬರ ಕಥೆ

ನಮ್ಮ ಸೀಮೆಯಲ್ಲಿ ಕ್ರೈಸ್ತರಿಗೆ ಎದುರಾಗುವ ಇನ್ನೊಂದು ಮಾತಿದೆ: "ನಿಮ್ಮ ಬಿಳಿಯ ದೊರೆಗೇ ನಮ್ಮ ರಾಯರು ದರ್ಶನ ಕೊಟ್ಟರು." 1800ರಲ್ಲಿ ನಿಜಾಮರು ಈ ಪ್ರದೇಶವನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಥಾಮಸ್ ಮನ್ರೋ ಇಲ್ಲಿಯ ಮುಖ್ಯ ಕಲೆಕ್ಟರಾಗಿ ಬಂದರು; 1807ರವರೆಗೆ ಇದ್ದರು. ಕಥೆಯ ಪ್ರಕಾರ ಮಂಚಾಲೆಯ, ಅಂದರೆ ಮಂತ್ರಾಲಯದ, ಮಠದ ಇನಾಂ ಭೂಮಿಯ ವಿಚಾರಣೆಗೆ ಹೋದ ಮನ್ರೋ ಟೋಪಿ, ಬೂಟು ತೆಗೆದು ಒಳಗೆ ಹೋದರು. 1671ರಲ್ಲಿ ಬೃಂದಾವನ ಪ್ರವೇಶಿಸಿದ್ದ ರಾಘವೇಂದ್ರಸ್ವಾಮಿಗಳು ಅವರಿಗೆ ಕಾಣಿಸಿಕೊಂಡು ಮಾತನಾಡಿದರು. ಜೊತೆಗಿದ್ದ ಯಾರಿಗೂ ಸ್ವಾಮಿಗಳು ಕಾಣಲಿಲ್ಲ, ಮಾತೂ ಕೇಳಲಿಲ್ಲ. ಭೂಮಿ ಮಠಕ್ಕೇ ಉಳಿಯಿತು.

ಇತಿಹಾಸ ಓದುವವನು ಇಲ್ಲಿ ಏನು ಕೇಳಬೇಕು? ಮೊದಲನೆಯದು, ಕಂಡವರು ಯಾರು? ಕಥೆಯ ಪ್ರಕಾರವೇ ಒಬ್ಬರು. ಎರಡನೆಯದು, ಹೇಳುತ್ತಿರುವವರು ಯಾರು? ಸರ್ಕಾರಿ ಗೆಜೆಟ್ಟಿನಲ್ಲಿದೆ ಎಂದು ಕೆಲವರು ಪುಟಸಂಖ್ಯೆಯನ್ನೂ ಹೇಳುತ್ತಾರೆ. ಆದರೆ ಅಂಥ ಪುಸ್ತಕಗಳು ಊರಿನ ಐತಿಹ್ಯಗಳನ್ನೂ ಬರೆದಿಡುತ್ತವೆ. ಅಚ್ಚಾಗಿದೆ ಎಂದ ಮಾತ್ರಕ್ಕೆ ಮನ್ರೋ ಸಾಕ್ಷಿ ನುಡಿದಂತಾಗುವುದಿಲ್ಲ. ಮೂರನೆಯದು, ಇಂಥ ಕಥೆ ಬೇರೆಡೆಯೂ ಇದೆಯೇ? ಇದೆ. ಕಡಪ ಜಿಲ್ಲೆಯ ಗಂಡಿಯಲ್ಲಿ, ಪಾಪಘ್ನಿ ನದಿ ಬೆಟ್ಟ ಸೀಳಿ ಹರಿಯುವ ಜಾಗದಲ್ಲಿ, ಮನ್ರೋ ಒಬ್ಬರಿಗೇ ಬಂಗಾರದ ತೋರಣ ಕಂಡಿತೆಂದೂ, ಅದನ್ನು ಕಂಡವರು ಹೆಚ್ಚು ದಿನ ಬದುಕುವುದಿಲ್ಲವೆಂದೂ ಹೇಳುತ್ತಾರೆ. ಮನ್ರೋ ಮದ್ರಾಸಿನ ಗವರ್ನರಾಗಿದ್ದಾಗ, 1827ರ ಜುಲೈ 6ರಂದು, ನಮ್ಮ ಪತ್ತಿಕೊಂಡದಲ್ಲೇ ಕಾಲರಾದಿಂದ ತೀರಿಕೊಂಡರು. ರೈತರಿಗೆ ಅವರು ಎಷ್ಟು ಬೇಕಾದವರಾಗಿದ್ದರೆಂದರೆ ಈ ಸೀಮೆಯಲ್ಲಿ ಗಂಡುಮಕ್ಕಳಿಗೆ 'ಮನ್ರೋಲಪ್ಪ' ಎಂದು ಹೆಸರಿಟ್ಟರು. ಜನ ಮೆಚ್ಚಿದ ಮನುಷ್ಯನ ಸುತ್ತ ಕಥೆಗಳು ಬೆಳೆಯುತ್ತವೆ. 'ಅವನೊಬ್ಬನಿಗೇ ಕಂಡಿತು' ಎಂಬ ಎಳೆ ಒಂದು ಊರಿನಿಂದ ಇನ್ನೊಂದಕ್ಕೆ ಹೋಗುತ್ತದೆ.

ಇದನ್ನು ಓದಿ ನಿಮಗೆ ಸಮಾಧಾನವಾಯಿತೇ? "ಹೌದು, ಅವರದು ಕಥೆಯೇ" ಎಂದುಕೊಂಡಿರೇ? ಹಾಗಾದರೆ ನಿಲ್ಲಿ. ಇದೇ ಮೂರು ಪ್ರಶ್ನೆಗಳನ್ನು ಈಗ ನಮ್ಮ ಮನೆಗೆ ತರಬೇಕು.

ಬಳ್ಳಾರಿಗೆ ಬಂದ ಸತ್ಯವೇದ, ಹಿಂದೆ ಉಳಿದ ಪ್ರಶ್ನೆ

ಅದಕ್ಕೆ ಮೊದಲು, ಎರಡು ತಕ್ಕಡಿಯ ಅಭ್ಯಾಸ ನಮಗೆ ಎಲ್ಲಿಂದ ಬಂತೆಂದು ನೋಡೋಣ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಅವರೂ ಅವರ ಸಂಗಡಿಗರೂ ದುಡಿದು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಅವರು ಕಥೋಲಿಕರಲ್ಲ, ಆದರೆ ಕನ್ನಡದಲ್ಲಿ ದೇವರ ವಾಕ್ಯ ಓದುವ ನಾವೆಲ್ಲ ಅವರಿಗೆ ಋಣಿಗಳು. ಅಂದಿನ ಮಿಷನರಿಗಳ ಕರಪತ್ರಗಳಲ್ಲಿ ಒಂದು ವಾಡಿಕೆಯಿತ್ತು. ಪುರಾಣದ ಕಥೆಗಳನ್ನು ತೆಗೆದುಕೊಂಡು, ಇದು ಹೇಗೆ ಸಾಧ್ಯ, ನೋಡಿದವರು ಯಾರು, ಒಂದು ಪುರಾಣ ಹೇಳಿದ್ದನ್ನು ಇನ್ನೊಂದು ಏಕೆ ಹೇಳುವುದಿಲ್ಲ ಎಂದು ಪ್ರಶ್ನಿಸುವುದು. ಪ್ರಶ್ನೆಗಳು ಒಳ್ಳೆಯವೇ. ಆದರೆ ಅದೇ ಪ್ರಶ್ನೆಗಳನ್ನು ಯುರೋಪಿನಲ್ಲಿ ಆಗಲೇ ಬೈಬಲಿಗೂ ಕೇಳುತ್ತಿದ್ದರು.

ಹರ್ಮನ್ ಮೋಗ್ಲಿಂಗ್ ಅವರನ್ನು ನೋಡಿ. ಬಾಸೆಲ್ ಮಿಷನ್ನಿನಿಂದ 1836ರಲ್ಲಿ ಮಂಗಳೂರಿಗೆ ಬಂದ ಅವರು 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಮರುವರ್ಷ ಅದು 'ಕನ್ನಡ ಸಮಾಚಾರ'ವೆಂಬ ಹೆಸರಿನಲ್ಲಿ ನಮ್ಮ ಬಳ್ಳಾರಿಯಲ್ಲೇ ಅಚ್ಚಾಯಿತು. ಮೋಗ್ಲಿಂಗ್ ಓದಿದ್ದು ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ. ಅದೇ ಟ್ಯೂಬಿಂಗೆನ್ನಿನಲ್ಲಿ ಪಾಠ ಹೇಳುತ್ತಿದ್ದ ಡೇವಿಡ್ ಸ್ಟ್ರಾಸ್ 1835ರಲ್ಲಿ ಯೇಸುವಿನ ಜೀವನದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಶುಭಸಂದೇಶಗಳ ಪವಾಡಗಳು ಮೋಸವೂ ಅಲ್ಲ, ನಡೆದ ಘಟನೆಗಳೂ ಅಲ್ಲ. ಹಳೆಯ ಒಡಂಬಡಿಕೆಯ ನಿರೀಕ್ಷೆಗಳ ಮೇಲೆ ಭಕ್ತರ ಮನಸ್ಸು ಹೆಣೆದ ಪುರಾಣಗಳು ಎಂಬುದು ಅವನ ವಾದ. ಆ ಪುಸ್ತಕದಿಂದ ಸ್ಟ್ರಾಸ್ ಕೆಲಸ ಕಳೆದುಕೊಂಡ, ಜರ್ಮನಿ ಅಲ್ಲೋಲಕಲ್ಲೋಲವಾಯಿತು. ಅದರ ಮರುವರ್ಷವೇ ಮೋಗ್ಲಿಂಗ್ ಹಡಗಿನಿಂದ ಮಂಗಳೂರಿನಲ್ಲಿ ಇಳಿದದ್ದು.

ನಾವು ಕನ್ನಡ ಕ್ರೈಸ್ತರು ಇತರರ ಪುರಾಣವನ್ನು ಪ್ರಶ್ನಿಸಲು ಬೇಗ ಕಲಿತೆವು. ನಮ್ಮದನ್ನು ಪ್ರಶ್ನಿಸಿದವರ ಹೆಸರು ನಮ್ಮ ಧರ್ಮೋಪದೇಶದ ತರಗತಿಯಲ್ಲಿ ಕೇಳಿಬರಲಿಲ್ಲ. ಈಗ ಯೂಟ್ಯೂಬಿನಲ್ಲಿ ಕೇಳಿಬಂದಾಗ ನಮ್ಮ ಮಕ್ಕಳು ತಬ್ಬಿಬ್ಬಾಗುತ್ತಾರೆ. ಇದು ಮಕ್ಕಳ ತಪ್ಪಲ್ಲ.

ಅದೇ ತಕ್ಕಡಿಯಲ್ಲಿ ನಮ್ಮದು

ಬೇರೆಡೆಯೂ ಇರುವ ಕಥೆಯೇ ಎಂಬ ಪ್ರಶ್ನೆಯಿಂದಲೇ ಆರಂಭಿಸೋಣ. ಎಲೀಷನು 20 ರೊಟ್ಟಿಗಳಿಂದ 100 ಮಂದಿಗೆ ಉಣಬಡಿಸಿದ, ತಿಂದು ಮಿಕ್ಕಿತು. ಎಲೀಯನು ವಿಧವೆಯ ಮಗನನ್ನು ಬದುಕಿಸಿ ತಾಯಿಗೆ ಒಪ್ಪಿಸಿದ. ಶುಭಸಂದೇಶಗಳಲ್ಲಿ ರೊಟ್ಟಿಯ ಪವಾಡವೂ, ನಾಯಿನ್ ಊರಿನ ವಿಧವೆಯ ಮಗನ ಕಥೆಯೂ ಇದೇ ಅಚ್ಚಿನಲ್ಲಿವೆ. ಸ್ಟ್ರಾಸ್ ತೋರಿಸಿದ್ದು ಇಂಥವನ್ನೇ. ಎಳೆ ಒಂದೇ ಆದ ಮಾತ್ರಕ್ಕೆ ಘಟನೆ ಸುಳ್ಳೆಂದು ತೀರ್ಮಾನವಾಗುವುದಿಲ್ಲ. ಆದರೆ ಮನ್ರೋ ಕಥೆಯಲ್ಲಿ ಅದನ್ನು ಲೆಕ್ಕಕ್ಕೆ ಹಿಡಿದವರು ಇಲ್ಲಿಯೂ ಹಿಡಿಯಬೇಕು.

ಇನ್ನು ನಮ್ಮ ಕೂಟಗಳಲ್ಲಿ ಪುನರುತ್ಥಾನಕ್ಕೆ ಕೊಡುವ 'ಪುರಾವೆ'ಗಳು.

"ಐನೂರು ಮಂದಿ ನೋಡಿದ್ದಾರೆ." ಸಂತ ಪೌಲರು ಕೊರಿಂಥಿಯರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಹಾಗೆ ಹೇಳುತ್ತಾರೆ, ನಿಜ. ಆದರೆ ನಮ್ಮ ಕೈಯಲ್ಲಿರುವುದು ಐನೂರು ಸಾಕ್ಷಿಗಳಲ್ಲ. ಐನೂರು ಮಂದಿ ನೋಡಿದರೆಂಬ ಒಬ್ಬರ ಮಾತು. ಅವರ ಹೆಸರಿಲ್ಲ, ಊರಿಲ್ಲ.

"ಪ್ರೇಷಿತರೆಲ್ಲ ಅದಕ್ಕಾಗಿ ಪ್ರಾಣ ಕೊಟ್ಟರು, ಸುಳ್ಳಿಗಾಗಿ ಯಾರು ಸಾಯುತ್ತಾರೆ?" ಪ್ರಾಣ ಕೊಟ್ಟವರು ಮನಃಪೂರ್ವಕವಾಗಿ ನಂಬಿದ್ದರೆಂದು ಇದರಿಂದ ತಿಳಿಯುತ್ತದೆ. ನಂಬಿದ್ದು ನಿಜವೆಂದು ತಿಳಿಯುವುದಿಲ್ಲ. ಬೇರೆ ಧರ್ಮಗಳಲ್ಲೂ ಪ್ರಾಣ ಕೊಟ್ಟವರಿದ್ದಾರೆ. ಜೊತೆಗೆ, ಪೇತ್ರ, ಪೌಲ ಮತ್ತು ಇಬ್ಬರು ಯಕೋಬರ ಮರಣಕ್ಕೆ ಹಳೆಯ ಆಧಾರಗಳಿವೆ. ಉಳಿದ ಹೆಚ್ಚಿನ ಪ್ರೇಷಿತರ ಮರಣದ ವಿವರಗಳು ಬಹಳ ನಂತರ ಬರೆದವು.

"ಯೆಹೂದ್ಯ ಇತಿಹಾಸಕಾರ ಜೋಸೆಫಸನೇ ಯೇಸು ಎದ್ದರೆಂದು ಬರೆದಿದ್ದಾನೆ." ಆ ಭಾಗದಲ್ಲಿ ಮುಂದಿನ ಕ್ರೈಸ್ತ ಲಿಪಿಕಾರರ ಕೈ ಸೇರಿದೆಯೆಂದು ಇಂದು ಕ್ರೈಸ್ತ ವಿದ್ವಾಂಸರೂ ಒಪ್ಪುತ್ತಾರೆ.

"ನಾಲ್ಕು ಶುಭಸಂದೇಶಗಳೂ ಒಂದೇ ಹೇಳುತ್ತವೆ." ಸಮಾಧಿ ಬರಿದಾಗಿತ್ತು, ಮೊದಲು ಹೋದವರಲ್ಲಿ ಮಗ್ದಲದ ಮರಿಯಳಿದ್ದಳು ಎಂಬಲ್ಲಿ ಒಂದೇ. ದೇವದೂತರು ಎಷ್ಟು ಮಂದಿ, ಶಿಷ್ಯರಿಗೆ ದರ್ಶನವಾದದ್ದು ಗಲಿಲೇಯದಲ್ಲೋ ಜೆರುಸಲೇಮಿನಲ್ಲೋ ಎಂಬಲ್ಲಿ ಬೇರೆಬೇರೆ. ಮಾರ್ಕನ ಶುಭಸಂದೇಶದ ಅತಿ ಹಳೆಯ ಪ್ರತಿಗಳು, ಹೆಂಗಸರು ಹೆದರಿ ಯಾರಿಗೂ ಏನೂ ಹೇಳಲಿಲ್ಲ ಎಂಬಲ್ಲಿಗೇ ಮುಗಿಯುತ್ತವೆ. ಅದರ ಮುಂದಿನ 12 ವಾಕ್ಯಗಳು ಅವುಗಳಲ್ಲಿ ಇಲ್ಲ.

ಇದನ್ನೆಲ್ಲ ಪಾಸ್ಕ ಹಬ್ಬ ಆಚರಿಸುವವರ ಮುಂದೆ ಬರೆಯಬೇಕೇ ಎಂದು ನನಗೂ ಅನ್ನಿಸಿತು. ಸಂತ ಥಾಮಸ್ ಅಕ್ವಿನಾಸರು ಧೈರ್ಯ ಕೊಟ್ಟರು. ವಿಶ್ವಾಸದ ವಿಷಯವನ್ನು ಸಾಬೀತು ಮಾಡಲು ಹೋಗಿ ಬಡಕಲು ವಾದ ಕೊಟ್ಟರೆ, ಇಂಥ ವಾದದಿಂದಲೇ ಇವರು ನಂಬುತ್ತಾರೆಂದು ವಿಶ್ವಾಸವಿಲ್ಲದವರು ನಗುತ್ತಾರೆ ಎಂದು ಅವರು 13ನೇ ಶತಮಾನದಲ್ಲೇ ಎಚ್ಚರಿಸಿದ್ದರು. ದೇವರು ಇದ್ದಾರೆಯೇ ಎಂಬ ಪ್ರಶ್ನೆಗೆ ಅವರು ಮೊದಲು ಬರೆಯುವುದು ಇಲ್ಲವೆನ್ನುವವರ ವಾದವನ್ನು: ಲೋಕದಲ್ಲಿ ಕೆಡುಕಿದೆ, ಮತ್ತು ದೇವರಿಲ್ಲದೆಯೂ ಎಲ್ಲವನ್ನೂ ವಿವರಿಸಬಹುದು. ಎದುರಾಳಿಯ ಮಾತನ್ನು ಗಟ್ಟಿಯಾಗಿ ಹೇಳಿದ ನಂತರವೇ ಅವರ ಉತ್ತರ.

ಹ್ಯೂಮನ ತಕ್ಕಡಿಗೂ ಪಾಸಂಗವಿದೆ

ನಮ್ಮ ವಾದ ತೂಗಿದ ಮೇಲೆ ಸಂಶಯವಾದಿಯ ತಕ್ಕಡಿಯನ್ನೂ ನೋಡಬೇಕಲ್ಲವೇ? ಹ್ಯೂಮನಿಗೆ ಉತ್ತರ ಕೊಟ್ಟವರಲ್ಲಿ ರಿಚರ್ಡ್ ಪ್ರೈಸ್ ಒಬ್ಬರು. ಥಾಮಸ್ ಬೇಯ್ಸ್ ಎಂಬ ಪಾದ್ರಿ ಬಿಟ್ಟುಹೋದ ಸಂಭವನೀಯತೆಯ ಗಣಿತವನ್ನು 1763ರಲ್ಲಿ ಪ್ರಕಟಿಸಿದವರೂ ಅವರೇ. ಕಂಪ್ಯೂಟರ್ ಓದುವವರಿಗೆ ಬೇಯ್ಸ್ ಹೆಸರು ಗೊತ್ತು. ಪ್ರೈಸ್ ಹೇಳಿದ್ದು ಇದು: ಲಾಟರಿಯಲ್ಲಿ ಒಂದು ನಿರ್ದಿಷ್ಟ ಸಂಖ್ಯೆ ಬರುವುದು ಲಕ್ಷಕ್ಕೆ ಒಂದು ಸಾಧ್ಯತೆ. ಆದರೂ ಪತ್ರಿಕೆಯಲ್ಲಿ ಆ ಸಂಖ್ಯೆ ಅಚ್ಚಾದರೆ ನಂಬುತ್ತೇವೆ. ಘಟನೆ ಅಪರೂಪವೆಂಬ ಒಂದೇ ಕಾರಣಕ್ಕೆ ಸಾಕ್ಷಿ ಬಿದ್ದುಹೋಗುವುದಿಲ್ಲ. ಹಾಗೆಯೇ, ಪ್ರಕೃತಿಯ ನಿಯಮ ಎಂದೂ ತಪ್ಪಿಲ್ಲವೆಂದು ಮೊದಲೇ ಹೇಳಿಬಿಟ್ಟರೆ, ತಪ್ಪಿದೆಯೆಂದು ಹೇಳುವ ಸಾಕ್ಷಿಗಳನ್ನು ಕೇಳುವ ಮೊದಲೇ ತೀರ್ಪು ಬರೆದಂತೆ.

ಬೇರೆ ಬೇರೆ ಧರ್ಮಗಳ ಪವಾಡಗಳು ಒಂದನ್ನೊಂದು ಹೊಡೆದುಹಾಕುತ್ತವೆ ಎಂಬ ಮಾತೂ ಅಷ್ಟು ನೇರವಲ್ಲ. ಪವಾಡವೆಂದರೆ ಇಡೀ ಧರ್ಮಕ್ಕೆ ದೇವರು ಒತ್ತಿದ ಮೊಹರು ಎಂದುಕೊಂಡರೆ ಮಾತ್ರ ಆ ವಾದ ನಿಲ್ಲುತ್ತದೆ. ಯೇಸು ಗುಣಪಡಿಸಿದ್ದು ತನ್ನ ಜನರನ್ನು ಮಾತ್ರವಲ್ಲ. ರೋಮಿನ ಶತಾಧಿಪತಿಯ ಆಳನ್ನೂ ಗುಣಪಡಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು, ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು ಸಾರಿತು. ಆದ್ದರಿಂದ ಚಿಪ್ಪಗಿರಿಯಲ್ಲಿ ಒಬ್ಬ ರೋಗಿಗೆ ದೇವರ ಕರುಣೆ ದೊರೆಯಿತೆಂದರೆ ಕಥೋಲಿಕನು ಅದನ್ನು ಸುಳ್ಳೆನ್ನಲೇಬೇಕಾದ ಕಟ್ಟಳೆಯಿಲ್ಲ. ನಿಜವೆಂದು ಒಪ್ಪಲೇಬೇಕೆಂದೂ ಇಲ್ಲ. ಸಾಕ್ಷಿ ನೋಡಬಹುದು.

ಹಾಗಾದರೆ ಉಳಿದದ್ದೇನು?

ಬಡಕಲು ವಾದಗಳನ್ನು ತೆಗೆದ ಮೇಲೂ ತಕ್ಕಡಿಯಲ್ಲಿ ಕೆಲವು ಉಳಿಯುತ್ತವೆ. ಯೇಸು ಪೊಂತಿಯ ಪಿಲಾತನ ಕಾಲದಲ್ಲಿ ಶಿಲುಬೆಯ ಮೇಲೆ ಸತ್ತರು. ಕ್ರಿಸ್ತನಿಗೆ ಪಿಲಾತನ ಆಳ್ವಿಕೆಯಲ್ಲಿ ಮರಣದಂಡನೆಯಾಯಿತೆಂದು ರೋಮಿನ ಟ್ಯಾಸಿಟಸನೂ ಬರೆದಿದ್ದಾನೆ. ಇದನ್ನು ಸಂಶಯಿಸುವ ಇತಿಹಾಸಕಾರರು ತೀರ ವಿರಳ. ಪೌಲರ ಪತ್ರ ಆ ಮರಣದ ನಂತರ 25 ವರ್ಷಗಳೊಳಗೆ ಬರೆದದ್ದು. ಮನ್ರೋ ಕಥೆಗಿಂತ ಇಲ್ಲಿ ಒಂದು ವ್ಯತ್ಯಾಸವಿದೆ: ಪೌಲರು ತಾನು ಕಂಡೆನೆಂದು ಸ್ವತಃ ಬರೆಯುತ್ತಾರೆ, ಮತ್ತು ಪೇತ್ರನನ್ನೂ ಪ್ರಭುವಿನ ಸಹೋದರ ಯಕೋಬನನ್ನೂ ಜೆರುಸಲೇಮಿನಲ್ಲಿ ಭೇಟಿಯಾದೆನೆಂದು ಗಲಾತ್ಯರಿಗೆ ತಿಳಿಸುತ್ತಾರೆ. ಅಲ್ಲಿಯವರೆಗೆ ಅವರು ಈ ಗುಂಪನ್ನು ಹಿಂಸಿಸುತ್ತಿದ್ದವರು. ಮರಕ್ಕೆ ತೂಗುಹಾಕಿದವನು ಶಾಪಗ್ರಸ್ತ ಎಂಬ ಧರ್ಮಶಾಸ್ತ್ರವಿದ್ದ ಜನ, ಶಿಲುಬೆಯಲ್ಲಿ ಸತ್ತವನನ್ನೇ ಅಭಿಷಿಕ್ತನೆಂದು ಸಾರತೊಡಗಿದರು. ಏನೋ ನಡೆದಿರಬೇಕು.

ದುಃಖದಲ್ಲಿದ್ದ ಶಿಷ್ಯರಿಗೆ ದರ್ಶನದಂಥ ಅನುಭವಗಳಾದವು, ಅದರಿಂದ ಈ ನಂಬಿಕೆ ಹುಟ್ಟಿತು ಎಂಬುದು ಸಂಶಯವಾದಿಯ ಉತ್ತರ. ಇದು ಹುಡುಗಾಟದ ಉತ್ತರವಲ್ಲ. ಸತ್ತವರು ಕಾಣಿಸಿಕೊಂಡರೆಂದು ಹೇಳುವ ಒಳ್ಳೆಯ, ಬುದ್ಧಿವಂತ ಜನರು ನಮ್ಮ ಮನೆಗಳಲ್ಲೂ ಇದ್ದಾರೆ. ದೇವರು ಇದ್ದಾರೆ, ಅವರು ಮನುಷ್ಯರನ್ನು ಕೈಬಿಡುವವರಲ್ಲ ಎಂದು ಬೇರೆ ಕಾರಣಗಳಿಂದ ನಂಬಿದವನಿಗೆ ಪುನರುತ್ಥಾನದ ಸಾಕ್ಷಿ ಭಾರವಾಗಿ ತೂಗುತ್ತದೆ. ದೇವರೇ ಇಲ್ಲವೆಂದುಕೊಂಡವನಿಗೆ ಅದೇ ಸಾಕ್ಷಿ ಸಾಲುವುದಿಲ್ಲ. ಇತಿಹಾಸ ನಮ್ಮನ್ನು ಬಾಗಿಲವರೆಗೆ ಕರೆತರುತ್ತದೆ, ಒಳಗೆ ತಳ್ಳುವುದಿಲ್ಲ.

ಇದು ಹೊಸ ಮಾತೇನಲ್ಲ. 1870ರಲ್ಲಿ ಮೊದಲನೆಯ ವ್ಯಾಟಿಕನ್ ಮಹಾಸಭೆ ಬುದ್ಧಿಯ ಬೆಳಕಿನಿಂದ ದೇವರನ್ನು ಅರಿಯಬಹುದು ಎಂದಿತು. ಅದೇ ಮಹಾಸಭೆ, ವಿಶ್ವಾಸವು ಸ್ವತಂತ್ರವಾದ ಒಪ್ಪಿಗೆಯಲ್ಲ, ವಾದಗಳಿಂದ ಅನಿವಾರ್ಯವಾಗಿ ಹುಟ್ಟುತ್ತದೆ ಎನ್ನುವವರನ್ನು ಖಂಡಿಸಿತು. ವಾದದಿಂದ ಯಾರನ್ನಾದರೂ ಕಟ್ಟಿಹಾಕಿ ಕ್ರೈಸ್ತರನ್ನಾಗಿ ಮಾಡಬಹುದೆಂದುಕೊಂಡರೆ ನಾವು ನಮ್ಮ ಧರ್ಮಸಭೆಯ ಬೋಧನೆಗೇ ವಿರುದ್ಧ ಹೋಗುತ್ತೇವೆ.

ಗೆಳತಿಗೆ ಏನು ಹೇಳುವುದು?

ನಾನು ಅಂದು ಕೊಟ್ಟ ಉತ್ತರವನ್ನು ಹಿಂತೆಗೆದುಕೊಳ್ಳುತ್ತೇನೆ. ಈಗ ಕೇಳಿದರೆ ಹೀಗೆ ಹೇಳುತ್ತೇನೆ: "ನಿನ್ನ ಪ್ರಶ್ನೆ ನ್ಯಾಯವಾದದ್ದು. ನಿಮ್ಮದನ್ನು ತೂಗಿದ ತಕ್ಕಡಿಯಲ್ಲೇ ನಮ್ಮದನ್ನೂ ತೂಗುತ್ತೇವೆ. ತೂಗಿದಾಗ ನಮ್ಮಲ್ಲಿ ಕೆಲವು ನಿಲ್ಲಲಿಲ್ಲ, ಕೆಲವು ನಿಂತವು. ಯೇಸು ಎದ್ದರೆಂದು ನಾನು ನಂಬುತ್ತೇನೆ. ಅದಕ್ಕೆ ಕಾರಣಗಳಿವೆ, ಆದರೆ ನಿನ್ನ ಬಾಯಿ ಮುಚ್ಚಿಸುವ ಪುರಾವೆ ನನ್ನಲ್ಲಿಲ್ಲ. ನಿಮ್ಮ ದಾಸರ ಕಥೆಯಲ್ಲಿ ಅವಮಾನ ಮಾಡಿದವನಿಗೇ ಆಯುಷ್ಯ ಧಾರೆಯೆರೆದದ್ದನ್ನು ಕೇಳಿದಾಗ, ಆ ದಾನ ಏನೆಂದು ನನಗೆ ಅರ್ಥವಾಗುತ್ತದೆ. ಯಾಕೆಂದರೆ ನಾನು ನಂಬಿದವರೂ ತನ್ನನ್ನು ಹೀಗಳೆದವರಿಗಾಗಿ ಪ್ರಾಣ ಕೊಟ್ಟರು."

ಅಲ್ಲಿಂದ ಇಬ್ಬರೂ ಮಾತು ಮುಂದುವರಿಸಬಹುದು. ಮೋಗ್ಲಿಂಗ್ ಕೂಡ ಕೊನೆಗೆ ಹಾಗೇ ಮಾಡಿದರು. ವಾದ ಮಾಡಲು ಬಂದ ಅವರು ದಾಸರ ಪದಗಳನ್ನು ಸಂಗ್ರಹಿಸಿ, 1850ರಲ್ಲಿ ಮೊದಲ ಬಾರಿಗೆ ಪುಸ್ತಕವಾಗಿ ಅಚ್ಚುಹಾಕಿಸಿದರು. ಯೇಸುವಿನ ಸೇವಕರಾಗಿಯೇ ಉಳಿದರು; ನೆರೆಯವರ ಹಾಡನ್ನೂ ಕಿವಿಗೊಟ್ಟು ಕೇಳಿದರು.

ಆ ತಂಗಿ ಮತ್ತು ಅವಳ ಗೆಳತಿ ಈಗಲೂ ಒಂದೇ ರೂಮಿನಲ್ಲಿದ್ದಾರೆ. ಬರುವ ಕಾರ್ತಿಕಕ್ಕೆ ಚಿಪ್ಪಗಿರಿಗೆ ಬಾ ಎಂದು ಕರೆದಿದ್ದಾಳಂತೆ. ಕ್ರಿಸ್ಮಸಿಗೆ ಇವಳೂ ಕರೆದಿದ್ದಾಳೆ.

ಮುಂದಿನ ಕೂಟಕ್ಕೆ ಬರುವ ಮೊದಲು ಮನೆಯಲ್ಲಿ ಅಪ್ಪ-ಅಮ್ಮನ ಜೊತೆ ಈ ಮೂರು ಪ್ರಶ್ನೆಗಳನ್ನು ಮಾತಾಡಿ:

1. ನೆರೆಯವರ ನಂಬಿಕೆಯ ಬಗ್ಗೆ ನಾವು ಕೇಳುವ ಯಾವ ಪ್ರಶ್ನೆಯನ್ನು ನಮ್ಮ ನಂಬಿಕೆಯ ಬಗ್ಗೆ ಕೇಳಲು ಹಿಂಜರಿಯುತ್ತೇವೆ?

2. ಪವಾಡಗಳ ಸುದ್ದಿಯೊಂದೂ ಇರದಿದ್ದರೆ ನಾನು ಯೇಸುವನ್ನು ಹಿಂಬಾಲಿಸುತ್ತಿದ್ದೆನೇ? ಏಕೆ?

3. ನಮ್ಮ ಮನೆಯಲ್ಲಿ ಯಾರಿಗಾದರೂ ವಿಶ್ವಾಸದ ಬಗ್ಗೆ ಸಂಶಯವಿದ್ದರೆ, ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವರಿಗೆ ಇದೆಯೇ?